ಸೂರು ತಂಪು, ಲೆಕ್ಕ ಚೊಕ್ಕ



ಬೇಸಿಗೆ ಬಂತು ಅಂದರೆ ಸಾಕು, ಶೀಟಿನ ಮನೆ ಕಾದ ಹೆಂಚಿನ ಹಾಗೆ ಆಗುತ್ತದೆ. ಗಂಡಸರು ಅರಳಿಕಟ್ಟೆಯ ನೆರಳಿಗೆ ಹೋಗಿ ಕೂರಬಹುದು. ನಮಗೆ ಅದು ಆಗುತ್ತದೆಯೇ? ಒಲೆ ಒಳಗಿದೆ. ತೊಟ್ಟಿಲು ಒಳಗಿದೆ. ಹೊಲಿಗೆ ಯಂತ್ರ, ಬೀಡಿ ಕಟ್ಟುವ ಮೊರ ಎಲ್ಲ ಒಳಗೇ ಇದೆ.

ಸೆಕೆ ಅಂದರೆ ಬರೀ ಬೇಸರದ ಮಾತಲ್ಲ. ಅದು ಜೀವದ ಪ್ರಶ್ನೆ. 2010ರ ಮೇ ತಿಂಗಳಲ್ಲಿ ಗುಜರಾತಿನ ಅಹಮದಾಬಾದ್ ನಗರದಲ್ಲಿ ಭಾರಿ ಬಿಸಿಗಾಳಿ ಬೀಸಿತು. ಬೇರೆ ವರ್ಷಗಳ ಮೇ ತಿಂಗಳಿಗಿಂತ 1,300ಕ್ಕೂ ಹೆಚ್ಚು ಸಾವುಗಳು ಅಲ್ಲಿ ಆದವು. ಆಮೇಲೆ 2013ರಲ್ಲಿ ಆ ನಗರ ಬಿಸಿಲಿನಿಂದ ಜನರನ್ನು ಕಾಪಾಡಲು ಒಂದು ಯೋಜನೆ ಮಾಡಿತು. ಮುಂದೆ ಬಡವರ ಮನೆಯ ಸೂರಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ನಡೆಯಿತು. 2023ರಲ್ಲಿ ನಮ್ಮ ಪಕ್ಕದ ತೆಲಂಗಾಣ ಸರಕಾರ ತಂಪು ಸೂರಿಗಾಗಿಯೇ ಒಂದು ನೀತಿ ತಂದಿತು.

ಬಿಳಿ ಬಣ್ಣಕ್ಕೆ ಅಷ್ಟು ಶಕ್ತಿ ಇದೆಯೇ? ನೋಡೋಣ.

ಕಾವು ಎಲ್ಲಿಂದ ಬರುತ್ತದೆ?

ಮಧ್ಯಾಹ್ನದ ಬಿಸಿಲು ನೇರ ಸೂರಿನ ಮೇಲೆ ಬೀಳುತ್ತದೆ. ಗೋಡೆಗಿಂತ ಸೂರೇ ಹೆಚ್ಚು ಕಾಯುತ್ತದೆ. ತೆಳ್ಳಗಿನ ತಗಡು ಬೇಗ ಕಾದು, ಆ ಕಾವನ್ನು ಹಾಗೇ ಒಳಕ್ಕೆ ಬಿಡುತ್ತದೆ. ಹಳೆಯ ಮಾಳಿಗೆ ಮನೆಗಳನ್ನು ನೆನೆಸಿಕೊಳ್ಳಿ. ದಪ್ಪ ಮಣ್ಣಿನ ಗೋಡೆ, ಮೇಲೆಯೂ ಮಣ್ಣು. ಕಾವು ಒಳಗೆ ಬರೋದೇ ನಿಧಾನ.

ಕಪ್ಪು ಸೀರೆ ಉಟ್ಟು ಬಿಸಿಲಿಗೆ ಹೋದರೆ ಮೈ ಸುಡುತ್ತದೆ. ಬಿಳಿ ಸೀರೆಯಲ್ಲಿ ಅಷ್ಟು ಸುಡೋದಿಲ್ಲ. ಸೂರಿಗೂ ಇದೇ ಮಾತು. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ಮನೆಯ ಒಳಗೆ 2ರಿಂದ 5 ಡಿಗ್ರಿವರೆಗೂ ಕಾವು ಇಳಿಯಬಹುದು.

ನಾವೇ ಮಾಡಬಹುದಾದ ಕೆಲಸ

ಯುಗಾದಿಗೆ ಮನೆಯ ಗೋಡೆಗೆಲ್ಲ ಸುಣ್ಣ ಹೊಡೆಯುತ್ತೇವೆ. ತಾರಸಿಯನ್ನು ಮಾತ್ರ ಮರೆಯುತ್ತೇವೆ. ಈ ಸಲ ಎರಡು ಬಕೆಟ್ ಸುಣ್ಣ ತಾರಸಿಗೂ ಎತ್ತಿಡೋಣ.

ಮೊದಲು ತಾರಸಿಯನ್ನು ಗುಡಿಸಿ ತೊಳೆಯಬೇಕು. ತಿಳಿ ಸುಣ್ಣವನ್ನು ಸೋಸಿಕೊಳ್ಳಬೇಕು. ಅಂಟಿಗೆ ಸ್ವಲ್ಪ ಗೋಂದು ಅಥವಾ ಅಕ್ಕಿ ಗಂಜಿ ಸೇರಿಸಬೇಕು. ಬಿಸಿಲು ಇಳಿದ ಮೇಲೆ ಬಳಿಯಬೇಕು. ಒಂದು ಸಲ ಬಳಿದದ್ದು ಒಣಗಿದ ಮೇಲೆ ಇನ್ನೊಂದು ಸಲ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ. ಹಾಗಾಗಿ ವರ್ಷ ವರ್ಷವೂ ಬಳಿಯಬೇಕು.

ಜೋಪಾನ! ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಅದು ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಸಿಡಿದರೆ ಕೂಡಲೇ ತುಂಬ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ.

ಗೋಡೆಯ ಗಾರೆ ಅಲ್ಲಲ್ಲಿ ಉದುರಿದೆಯೇ? ಅದನ್ನೂ ನಾವೇ ಮುಚ್ಚಬಹುದು. ಸಡಿಲವಾದ ಗಾರೆಯನ್ನು ಕೆರೆದು ತೆಗೆಯಿರಿ. ಆ ಜಾಗಕ್ಕೆ ನೀರು ಚಿಮುಕಿಸಿ. ಒಂದು ಬಾಣಲಿ ಸಿಮೆಂಟಿಗೆ ನಾಲ್ಕು ಬಾಣಲಿ ಜರಡಿ ಹಿಡಿದ ಮರಳು ಬೆರೆಸಿ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿ. ಕರಣೆಯಿಂದ ಒತ್ತಿ ಮೆತ್ತಿ. ಆಮೇಲೆ ಏಳು ದಿನ ಬೆಳಿಗ್ಗೆ ಸಂಜೆ ನೀರು ಹೊಡೆಯಿರಿ. ನೀರು ಕುಡಿಯದ ಸಿಮೆಂಟು ಗಟ್ಟಿಯಾಗೋದಿಲ್ಲ.

ಮಣ್ಣಿನ ಗೋಡೆಗೆ ಮಾತ್ರ ಸಿಮೆಂಟು ಬೇಡ. ಮಣ್ಣು ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಹಾಗೆ ಮಾಡೋದಿಲ್ಲ. ಕೊನೆಗೆ ಹಪ್ಪಳದಂತೆ ಎದ್ದು ಬರುತ್ತದೆ. ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದರೆ ಅದೇ ಒಳ್ಳೇದು.

ಗೋಡೆ ಬಿರುಕು ಬಿಟ್ಟಿದ್ದರೆ ಅದರ ಮೇಲೆ ಒಂದು ಕಾಗದದ ಚೂರು ಅಂಟಿಸಿ. ಅವತ್ತಿನ ತಾರೀಕು ಬರೆಯಿರಿ. ಕೆಲವು ವಾರಗಳಲ್ಲಿ ಕಾಗದ ಹರಿದರೆ ಬಿರುಕು ಬೆಳೆಯುತ್ತಿದೆ ಎಂದು ಅರ್ಥ. ಆಗ ಮೇಸ್ತ್ರಿಯನ್ನು ಕರೆಸಲೇಬೇಕು.

ಮೇಸ್ತ್ರಿಗೆ ಬಿಡಬೇಕಾದ ಕೆಲಸ

ಶೀಟಿನ ಮೇಲೆ ನಾವು ಹತ್ತೋದು ಬೇಡ. ಹಳೆಯ ಶೀಟು ಕಾಲಿಟ್ಟರೆ ಮುರಿಯುತ್ತದೆ. ಗೊತ್ತಿರುವ ಕೆಲಸದವರು ಹಲಗೆ ಹಾಸಿಕೊಂಡು ಹೋಗುತ್ತಾರೆ. ತಗಡಿನ ಶೀಟಿಗೆ ಸುಣ್ಣ ಸರಿಯಾಗಿ ಹಿಡಿಯೋದಿಲ್ಲ. ಬಿಸಿಲು ತಡೆಯುವ ಬಿಳಿ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬಳಿಸಬೇಕು.

ಸಿಮೆಂಟ್ ಶೀಟು ಎಂದು ನಾವು ಕರೆಯುವುದರಲ್ಲಿ ಬಹಳಷ್ಟು ಆಸ್ಬೆಸ್ಟಾಸ್ ಶೀಟುಗಳೇ. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಅದನ್ನು ಕೊರೆಯಬಾರದು, ಉಜ್ಜಬಾರದು, ಒಡೆಯಬಾರದು. ಚೂರು ಬಿದ್ದರೆ ಒಣಗಿದ್ದಾಗ ಗುಡಿಸಬಾರದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ತೆಗೆಯಬೇಕು.

ಶೀಟಿನ ಕೆಳಗೆ ಇನ್ನೊಂದು ಪದರ ಹಾಕಿಸಿದರೂ ಕಾವು ಇಳಿಯುತ್ತದೆ. ಬಿದಿರಿನ ತಟ್ಟಿ ಇರಬಹುದು. ಜಿಪ್ಸಮ್ ಹಲಗೆ ಇರಬಹುದು. ಥರ್ಮಾಕೋಲ್ ಇರಬಹುದು. ಶೀಟಿಗೂ ಪದರಕ್ಕೂ ನಡುವೆ ಗಾಳಿ ಆಡಲು ಜಾಗ ಬಿಡಿಸಿ. ಜಿಪ್ಸಮ್ ಹಲಗೆ ನೀರು ತಾಗಿದರೆ ಕೆಡುತ್ತದೆ. ಆದ್ದರಿಂದ ಸೋರುವುದನ್ನು ಮೊದಲು ನಿಲ್ಲಿಸಿ. ಥರ್ಮಾಕೋಲ್‌ಗೂ ತಟ್ಟಿಗೂ ಬೆಂಕಿ ಬೇಗ ಹತ್ತುತ್ತದೆ. ಒಲೆಯ ಮೇಲ್ಗಡೆ ಅವು ಬೇಡವೇ ಬೇಡ.

ಮಾತಿಗೆ ಮುಂಚೆ ಅಳತೆ

ಉದ್ದ 20 ಅಡಿ, ಅಗಲ 15 ಅಡಿ ಇದ್ದರೆ ಎಷ್ಟು? 20ನ್ನು 15ರಿಂದ ಗುಣಿಸಿದರೆ 300 ಚದರ ಅಡಿ. ಮೇಸ್ತ್ರಿಗಳ ಮಾತಿನಲ್ಲಿ 100 ಚದರ ಅಡಿಗೆ ಒಂದು ಚದರ. ಅಂದರೆ ನಮ್ಮ ಸೂರು ಮೂರು ಚದರ. ಅಳತೆ ನಮಗೇ ಗೊತ್ತಿದ್ದರೆ ಮೂರು ಚದರವನ್ನು ನಾಲ್ಕು ಅಂತ ಯಾರೂ ಹೇಳಲಾರರು.

ಇಬ್ಬರು ಮೂವರ ಹತ್ತಿರ ದರ ಕೇಳೋಣ. ಕೂಲಿ ಮಾತ್ರವೋ, ಸಾಮಾನು ಸಮೇತವೋ ಬಿಡಿಸಿ ಕೇಳೋಣ. ಅವರು ಹೋದ ವರ್ಷ ಮಾಡಿದ ಒಂದು ಮನೆಗೆ ಹೋಗೋಣ. ಆ ಮನೆಯ ಹೆಂಗಸರನ್ನೇ ಕೇಳೋಣ: "ಅಕ್ಕಾ, ಮಳೆಗಾಲದಲ್ಲಿ ಸೋರಿತಾ?"

ಚೀಟಿ ಇರಲಿ

ಮೇಸ್ತ್ರಿ ನಮ್ಮೂರಿನವರೇ. ಚೀಟಿ ಕೇಳಿದರೆ ಬೇಜಾರು ಮಾಡಿಕೊಂಡಾರು ಎಂದು ನಮಗೆ ಸಂಕೋಚ. ಸಂಕೋಚ ಬೇಡ. "ಅಣ್ಣಾ, ಅನುಮಾನ ಅಂತಲ್ಲ. ಇಬ್ಬರಿಗೂ ನೆನಪಿಗಿರಲಿ" ಅಂತ ಹೇಳಿದರಾಯಿತು. ಚೀಟಿಯಲ್ಲಿ ಇಷ್ಟು ಇರಲಿ:

1. ಏನು ಕೆಲಸ? ಎಷ್ಟು ಚದರ ಅಡಿ?
2. ಯಾವ ಬಣ್ಣ? ಎಷ್ಟು ಕೋಟು?
3. ಸಾಮಾನು ಯಾರದು?
4. ಒಟ್ಟು ಹಣ ಎಷ್ಟು?
5. ಶುರು ಯಾವತ್ತು? ಮುಗಿಯೋದು ಯಾವತ್ತು?
6. ಸೋರಿದರೆ ಎಷ್ಟು ದಿನದವರೆಗೆ ಸರಿ ಮಾಡಿಕೊಡುತ್ತಾರೆ?
7. ಇಬ್ಬರ ಸಹಿ, ತಾರೀಕು.

ಪೂರ್ತಿ ಹಣ ಮೊದಲೇ ಕೊಡಬಾರದು. ಒಟ್ಟು 10,000 ರೂಪಾಯಿ ಅಂದುಕೊಳ್ಳೋಣ. ಮುಂಗಡ 2,000. ಅರ್ಧ ಕೆಲಸ ಆದಾಗ 3,000. ಮುಗಿದ ದಿನ 3,000. ಒಂದು ಮಳೆ ನೋಡಿ ಉಳಿದ 2,000. ಇದನ್ನೂ ಚೀಟಿಯಲ್ಲೇ ಬರೆಯಬೇಕು. ಹಣ ಕೊಟ್ಟಾಗಲೆಲ್ಲ ಸಹಿ ತೆಗೆದುಕೊಳ್ಳಬೇಕು. ಬಣ್ಣದ ಡಬ್ಬಿಯನ್ನು ನಮ್ಮ ಎದುರಿಗೇ ತೆರೆಯಲಿ. ಅಂಗಡಿಯ ರಸೀದಿ ನಮ್ಮ ಹತ್ತಿರ ಇರಲಿ. ಕೆಲಸ ಸರಿಯಾಗಿದ್ದರೆ ನಾವೂ ಹಣ ತಡ ಮಾಡಬಾರದು. ಅವರೂ ನಮ್ಮ ಹಾಗೆ ದುಡಿದು ತಿನ್ನುವವರು.

ಹಣ ತೆಗೆದುಕೊಂಡು ಕೆಲಸ ಕೆಡಿಸಿದರೆ? ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬಹುದು. ಕೆಲಸಕ್ಕೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಅಲ್ಲಿ ಕೇಳುವ ಮೊದಲ ಮಾತು, "ಚೀಟಿ ಎಲ್ಲಿ, ರಸೀದಿ ಎಲ್ಲಿ?"

ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು. ಪೂರ್ತಿ ಓದೋಣ. ತಿಳಿಯದ್ದನ್ನು ಕೇಳೋಣ. ಆಮೇಲೆ ಸಹಿ ಹಾಕೋಣ.

ಕೂಡಿ ಮಾತಾಡೋಣ

ನಿಮ್ಮ ಮನೆಯ ಸೂರು ಎಷ್ಟು ಚದರ ಅಡಿ? ಅಳೆದು ಬರೆಯಿರಿ.

ನಿಮ್ಮ ಓಣಿಯಲ್ಲಿ ಹೆಚ್ಚು ಕಾಯುವ ಮನೆ ಯಾವುದು? ಯಾಕೆ?

ಮೇಸ್ತ್ರಿಗೆ ಕೊಡುವ ಚೀಟಿಯನ್ನು ನೀವೇ ಬರೆದು ನೋಡಿ.