ಹಿಮದ ಮೇಲೆ ಜೋಡಿ ನರ್ತನ

ನೆಲದ ಮೇಲೆ ನಡೆಯುವಾಗ ನಮ್ಮ ಪಾದಕ್ಕೆ ಹಿಡಿತವನ್ನು ಕೊಡುವುದು ಘರ್ಷಣೆ. ಅದಿಲ್ಲದಿದ್ದರೆ ಹೊರಡುವುದೂ ಸಾಧ್ಯವಿಲ್ಲ, ನಿಲ್ಲುವುದೂ ಸಾಧ್ಯವಿಲ್ಲ. ಹೀಗಿರಲು, ಘರ್ಷಣೆಯು ಅತ್ಯಲ್ಪವಾಗಿರುವ ಮಂಜುಗಡ್ಡೆಯ ಮೇಲೆ ಇಬ್ಬರು ಕೈಹಿಡಿದು, ತಾಳ ತಪ್ಪದೆ, ಬಯಸಿದ ಕಡೆಗೆ ತಿರುಗುತ್ತ ನರ್ತಿಸುವುದು ಹೇಗೆ?

ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ ಈ ನರ್ತನಕ್ಕೆ ಸ್ಥಾನ ದೊರೆತದ್ದು ೧೯೭೬ರಲ್ಲಿ, ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ. ಜೋಡಿ ಸ್ಕೇಟಿಂಗ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿ ಸಂಗಾತಿಯನ್ನು ತಲೆಯ ಮೇಲಕ್ಕೆ ಎತ್ತುವುದೂ ದೂರಕ್ಕೆ ಎಸೆಯುವುದೂ ಉಂಟು. ನರ್ತನದಲ್ಲಿ ಅವಕ್ಕೆ ಎಡೆಯಿಲ್ಲ. ಇಲ್ಲಿ ಹೆಜ್ಜೆಗಾರಿಕೆ, ಲಯ, ಇಬ್ಬರ ಸಾಮೀಪ್ಯ ಇವೇ ಪ್ರಧಾನ.

ಮೊದಲು ಹಿಮವು ಜಾರುವುದೇಕೆಂಬುದನ್ನು ನೋಡೋಣ. ಅಲಗಿನ ಒತ್ತಡದಿಂದ ಹಿಮ ಕರಗಿ ನೀರಾಗುತ್ತದೆ ಎಂಬ ವಿವರಣೆಯನ್ನು ಹಲವು ಪಠ್ಯಪುಸ್ತಕಗಳು ಕೊಡುತ್ತವೆ. ಒತ್ತಡವು ಹಿಮದ ಕರಗುವ ಬಿಂದುವನ್ನು ತಗ್ಗಿಸುವುದು ನಿಜ. ಆದರೆ ಅದು ಒಂದು ಡಿಗ್ರಿ ಸೆಂಟಿಗ್ರೇಡ್ ತಗ್ಗಬೇಕಾದರೆ ಸುಮಾರು ೧೩೫ ವಾಯುಮಂಡಲಗಳ ಒತ್ತಡ ಬೇಕು. ೬೦ ಕಿಲೋಗ್ರಾಂ ತೂಕದ ಮನುಷ್ಯನ ಭಾರವೆಲ್ಲ ಒಂದು ಚದರ ಸೆಂಟಿಮೀಟರಿನ ಮೇಲೆ ಬಿದ್ದರೂ ಒತ್ತಡವು ೬೦ ವಾಯುಮಂಡಲಗಳನ್ನು ಮುಟ್ಟದು. ಕರಗುವ ಬಿಂದು ಅರ್ಧ ಡಿಗ್ರಿಯಷ್ಟೂ ಇಳಿಯದು. ಕ್ರೀಡಾಂಗಣದ ಹಿಮವಾದರೋ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುತ್ತದೆ. ಆದುದರಿಂದ ಒತ್ತಡವೊಂದೇ ಕಾರಣವಾಗಲಾರದು. ಹಿಮದ ಹೊರಮೈಯ ಅಣುಗಳಿಗೆ ಮೇಲ್ಗಡೆ ಬಂಧಿಸುವ ನೆರೆಯಿಲ್ಲ. ಅವು ಒಳಗಿನವುಗಳಿಗಿಂತ ಸಡಿಲವಾಗಿ ಚಲಿಸುತ್ತವೆ. ಇಂತಹ ತೆಳುಪದರವೊಂದಿರಬೇಕೆಂದು ಮೈಕೆಲ್ ಫ್ಯಾರಡೆ ೧೮೫೦ರಲ್ಲಿಯೇ ಸೂಚಿಸಿದ್ದನು. ಅಲಗು ಉಜ್ಜಿದಾಗ ಹುಟ್ಟುವ ಶಾಖವೂ ಹಿಮವನ್ನು ಕರಗಿಸುತ್ತದೆಂದು ಬೌಡನ್ ಮತ್ತು ಹ್ಯೂಸ್ ೧೯೩೯ರಲ್ಲಿ ತೋರಿಸಿದರು.

ಅಲಗಿನ ದಪ್ಪ ಸುಮಾರು ೪ ಮಿಲಿಮೀಟರ್. ಅದರ ತಳವನ್ನು ನಡುವೆ ತೋಡಿರುವುದರಿಂದ ಒಳಬದಿಗೊಂದು, ಹೊರಬದಿಗೊಂದು ಹರಿತವಾದ ಅಂಚುಗಳಿರುತ್ತವೆ. ಅಲಗು ಉದ್ದಕ್ಕೆ ಸಲೀಸಾಗಿ ಜಾರುತ್ತದೆ. ಅಡ್ಡಕ್ಕೆ ನೂಕಿದರೆ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ. ಅಡ್ಡಲಾಗಿ ಒದ್ದು ವೇಗವನ್ನು ಪಡೆಯಬಹುದು, ಅಂಚಿನ ಮೇಲೆ ವಾಲಿ ತಿರುಗಬಹುದು.

ಎಷ್ಟು ವಾಲಬೇಕು? ವೇಗದ ವರ್ಗವನ್ನು ವಕ್ರದ ತ್ರಿಜ್ಯದಿಂದಲೂ ಗುರುತ್ವ ವೇಗೋತ್ಕರ್ಷದಿಂದಲೂ ಭಾಗಿಸಿದರೆ ವಾಲುವ ಕೋನದ ಟ್ಯಾಂಜೆಂಟ್ ದೊರೆಯುತ್ತದೆ. ಸೆಕೆಂಡಿಗೆ ೬ ಮೀಟರ್ ವೇಗದಲ್ಲಿ ೫ ಮೀಟರ್ ತ್ರಿಜ್ಯದ ವಕ್ರದ ಮೇಲೆ ಸಾಗುವವನಿಗೆ ಅದು ೦.೭೩, ಎಂದರೆ ಅವನು ನೆಟ್ಟಗಿನ ನಿಲುವಿನಿಂದ ಸುಮಾರು ೩೬ ಡಿಗ್ರಿ ಬಾಗಬೇಕು. ಈ ಲೆಕ್ಕದಲ್ಲಿ ದೇಹದ ತೂಕವೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಭಾರವಾದ ಪುರುಷನೂ ಹಗುರವಾದ ಸ್ತ್ರೀಯೂ ಒಂದೇ ವೇಗದಲ್ಲಿ ಒಂದೇ ವಕ್ರವನ್ನು ಹಿಡಿದರೆ ಒಂದೇ ಕೋನದಲ್ಲಿ ವಾಲುವರು. ಪಕ್ಕಪಕ್ಕದಲ್ಲಿ ತಿರುಗುವಾಗ ಮಾತ್ರ ಹೊರಗಿನವರ ದಾರಿ ಉದ್ದ. ಅವರು ಹೆಚ್ಚು ವೇಗದಿಂದ ಸಾಗಿ, ತುಸು ಹೆಚ್ಚಾಗಿ ಬಾಗಬೇಕು. ಕೈಬಿಡದೆ ಇದನ್ನು ಸಾಧಿಸುವುದೇ ಕಷ್ಟ.

೧೯೮೪ರ ಫೆಬ್ರವರಿ ೧೪ರಂದು, ಆಗ ಯುಗೊಸ್ಲಾವಿಯಕ್ಕೆ ಸೇರಿದ್ದ ಸರಯೇವೊ ನಗರದಲ್ಲಿ, ಬ್ರಿಟನ್ನಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೊಫರ್ ಡೀನ್ ಇಂತಹ ಸಾಧನೆಯನ್ನು ಮೆರೆದರು. ಅವರು ಆರಿಸಿಕೊಂಡದ್ದು ಫ್ರೆಂಚ್ ಸಂಗೀತಕಾರ ರಾವೆಲನ 'ಬೊಲೆರೊ'. ಒಂದೇ ಲಯ ಮರಳಿ ಮರಳಿ ಬರುತ್ತ ನಾದವು ಏರುತ್ತಲೇ ಹೋಗುವ ಈ ಕೃತಿಯನ್ನು ಎಷ್ಟು ಕುಗ್ಗಿಸಿದರೂ ೪ ನಿಮಿಷ ೨೮ ಸೆಕೆಂಡಿಗಿಂತ ಕಡಮೆ ಮಾಡಲಾಗಲಿಲ್ಲ. ನಿಯಮವು ಒಪ್ಪುವ ಗರಿಷ್ಠ ಅವಧಿಯಾದರೋ ೪ ನಿಮಿಷ ೧೦ ಸೆಕೆಂಡ್. ಆದರೆ ಕಾಲಗಣನೆ ಮೊದಲಾಗುತ್ತಿದ್ದುದು ಅಲಗುಗಳು ಹಿಮದ ಮೇಲೆ ಚಲಿಸತೊಡಗಿದಾಗ. ಆದುದರಿಂದ ಮೊದಲ ೧೮ ಸೆಕೆಂಡುಗಳ ಕಾಲ ಇಬ್ಬರೂ ಮಂಡಿಯೂರಿ ದೇಹವನ್ನು ಮಾತ್ರ ತೂಗಿದರು. ಒಂಬತ್ತು ಮಂದಿ ತೀರ್ಪುಗಾರರೂ ಕಲಾಭಿವ್ಯಕ್ತಿಗೆ ಪರಮಾವಧಿಯಾದ ೬.೦ ಅಂಕವನ್ನೇ ಕೊಟ್ಟರು.

೨೦೦೨ರ ಸಾಲ್ಟ್ ಲೇಕ್ ಸಿಟಿ ಕ್ರೀಡೆಗಳಲ್ಲಿ ಜೋಡಿ ಸ್ಕೇಟಿಂಗಿನ ತೀರ್ಪು ವಿವಾದಕ್ಕೀಡಾದ ಬಳಿಕ ಆ ಪದ್ಧತಿಯನ್ನು ಕೈಬಿಡಲಾಯಿತು. ಈಗ ಪ್ರತಿಯೊಂದು ಅಂಗಕ್ಕೂ ಬೇರೆ ಬೇರೆ ಅಂಕಗಳಿವೆ. ೨೦೧೮ರಲ್ಲಿ ಪ್ಯೊಂಗ್‌ಚಾಂಗಿನಲ್ಲಿ ಕೆನಡದ ಜೋಡಿ ೨೦೬.೦೭ ಅಂಕಗಳಿಂದ ಗೆದ್ದಾಗ, ಫ್ರಾನ್ಸಿನ ಜೋಡಿ ಹಿಂದುಳಿದದ್ದು ಕೇವಲ ೦.೭೯ರಿಂದ. ಅಳತೆ ಸೂಕ್ಷ್ಮವಾಗಿದೆ, ಆದರೂ ಪ್ರತಿಯೊಬ್ಬ ನರ್ತಕನ ಪಾಲಿಗೆ ಉಳಿದಿರುವುದು ಅದೇ ಹಿಮ, ಅದೇ ನಾಲ್ಕು ಮಿಲಿಮೀಟರ್ ಉಕ್ಕು, ಒಂದು ವಾಲುವ ಕೋನ.