ತೊಟ್ಟಿಲು ನಿಂತೊಡನೆ ಏಳುವ ಕೂಸು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಚೊಚ್ಚಲ ಬಾಣಂತನ ತವರಿನದು. ಮೂರನೆಯದೋ ಐದನೆಯದೋ ತಿಂಗಳಲ್ಲಿ ತಾಯಿ ಕೂಸಿನೊಂದಿಗೆ ಗಂಡನ ಮನೆಗೆ ಬರುವುದು ರೂಢಿ. ಅಲ್ಲಿಯವರೆಗೆ ಹಾಲು ಕುಡಿದು ತಣ್ಣಗೆ ಮಲಗುತ್ತಿದ್ದ ಕೂಸು ಬಂದ ವಾರದಲ್ಲೇ ರಾತ್ರಿ ಗಂಟೆಗೊಮ್ಮೆ ಎದ್ದು ಅಳತೊಡಗುತ್ತದೆ. ‘ಮನೆ ಒಗ್ಗಲಿಲ್ಲ’, ‘ದೃಷ್ಟಿಯಾಗಿದೆ’, ‘ತಾಯಿಯ ಹಾಲು ಸಾಲದು’ ಎಂದು ಒಬ್ಬೊಬ್ಬರದು ಒಂದೊಂದು ಮಾತು. ಎಲ್ಲವೂ ಬಂದು ಬೀಳುವುದು ನಿದ್ದೆಗೆಟ್ಟ ಆ ತಾಯಿಯ ಮೇಲೆಯೇ. ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಓದುವ ಮೈದುನನಿದ್ದರಂತೂ ಅವನ ಮುನಿಸೂ ಸೇರುತ್ತದೆ.

ಆ ಹುಡುಗನ ಜೀವಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರನೆ ಹೊರಳುವ ಘಟ್ಟವೊಂದಿದೆ ಎಂಬುದನ್ನು 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೀಟ್‌ಮನ್ ಪ್ರಕಟಿಸಿದರು. ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಭಾಗ ಈ ಬಗೆಯದೇ. ಮೂರು–ನಾಲ್ಕು ತಿಂಗಳಾಗುವಾಗ ಮಿದುಳು ಬಲಿತು, ನಿದ್ದೆ ದೊಡ್ಡವರಂತೆ ಹಗುರ–ಗಾಢ ಎಂಬ ಮೆಟ್ಟಿಲುಗಳಾಗಿ ಒಡೆಯುತ್ತದೆ. ಮುಕ್ಕಾಲು ಗಂಟೆ, ಒಂದು ಗಂಟೆಗೆ ಸುತ್ತೊಂದು ಮುಗಿದು ಅರೆ ಎಚ್ಚರವಾಗುತ್ತದೆ. ದೊಡ್ಡವರು ಮಗ್ಗಲು ಬದಲಿಸುತ್ತಾರೆ. ತೂಗುವಾಗ ಮಲಗಿದ ಕೂಸಿಗೆ ಮಾತ್ರ ತೂಗುವಿಕೆ ನಿಂತದ್ದು ತಿಳಿಯುತ್ತದೆ, ಅಳುತ್ತದೆ. ತವರಿನಲ್ಲೇ ಇದ್ದಿದ್ದರೂ ಅಳುತ್ತಿತ್ತು! ಹದಿನಾಲ್ಕನೆಯ ವಾರದ ಲಸಿಕೆಯ ಜ್ವರವೂ ಇದೇ ಹೊತ್ತಿಗೆ ಬಂದು ಗೊಂದಲ ಹೆಚ್ಚಿಸುವುದುಂಟು.

ಈ ಹೊತ್ತಿನಲ್ಲಿ ಅಪಾಯ ಬರುವುದು ಅಳುವಿನಿಂದಲ್ಲ, ಮದ್ದಿನಿಂದ. ಕಳೆದ ಶತಮಾನದ ಆರಂಭದಲ್ಲಿ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಅಫೀಮು ಬೆರೆತ ‘ಬಾಲಗೋಳಿ’ ನುಂಗಿಸಿ ಕೂಸುಗಳನ್ನು ಮಲಗಿಸುತ್ತಿದ್ದರು. ಆ ಗೋಳಿ ಹೋಯಿತು. ಜಾಜಿಕಾಯಿ ತೇಯ್ದು ನೆಕ್ಕಿಸುವುದು ಇನ್ನೂ ಉಳಿದಿದೆ. ಅದು ಹೆಚ್ಚಾದರೆ ನಿದ್ದೆಯಲ್ಲ, ವಿಷವೇ. ಹಾಲು ಸಾಲದೆಂದು ಆರು ತಿಂಗಳೊಳಗೆ ಎಮ್ಮೆಯ ಹಾಲಿನ ಬಾಟಲಿ ಹಿಡಿಯುವುದೂ ಬೇಡ.

ಹಾಗಾದರೆ ಮಾಡುವುದೇನು? ಕಣ್ಣು ಜೋಂಪು ಹತ್ತಿದಾಗಲೇ, ಪೂರ್ತಿ ನಿದ್ದೆಗೆ ಜಾರುವ ಮೊದಲು, ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು, ದಿಂಬು ಬೇಡ. ಮುಲುಗಿದೊಡನೆ ಎತ್ತದೆ ಎರಡು ನಿಮಿಷ ಕಾದರೆ ಎಷ್ಟೋ ಸಲ ತಾನೇ ಮಲಗುತ್ತದೆ. ಬೆಳಗ್ಗೆ ಅಂಗಳದ ಬೆಳಕು ತೋರಿಸಿ, ರಾತ್ರಿ ಹಾಲೂಡುವಾಗ ಮಂದ ದೀಪ ಸಾಕು. 1887ರಲ್ಲೇ ಜಲವಿದ್ಯುತ್ ಕಂಡದ್ದು ಗೋಕಾಕ ಜಲಪಾತ. ಈಗ ದೀಪಕ್ಕೆ ಬರವಿಲ್ಲ, ಕತ್ತಲೆಗೇ ಬರ. ಟಿವಿ, ಮೊಬೈಲು ಇನ್ನೊಂದು ಕೋಣೆಗೆ ಹೋಗಲಿ.

ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ ಹಗಲು–ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತಾಯಿಗೂ ನಿದ್ದೆ ಬೇಕಲ್ಲ? ಹಾಲೂಡಿಸುವುದೊಂದು ಬಿಟ್ಟು ಉಳಿದುದನ್ನು ತಂದೆ ಮಾಡಬಹುದು. ಸಂಜೆ ಅರ್ಧ ಗಂಟೆ ಕೂಸನ್ನು ಎತ್ತಿಕೊಂಡರೆ ಓದುವ ಹುಡುಗನಿಗೂ ನಷ್ಟವಿಲ್ಲ. ಹಾಲು ಕುಡಿಯದಿದ್ದರೆ, ಜ್ವರವಿದ್ದರೆ, ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಕೆಲವು ವಾರಗಳಲ್ಲಿ ರಾತ್ರಿಗಳು ಸರಿಹೋಗುತ್ತವೆ. ಎಂಟು–ಹತ್ತು ತಿಂಗಳಿಗೆ ಇನ್ನೊಂದು ಸುತ್ತು ಬರುತ್ತದೆ. ಆಗ ಕೂಸು ನಡುರಾತ್ರಿ ಎದ್ದು ತೊಟ್ಟಿಲ ಕಂಬಿ ಹಿಡಿದು ನಿಲ್ಲುತ್ತದೆ. ಕೂರಲು ಬಾರದೆ ಅಳುತ್ತದೆ. ನಿಂತಲ್ಲಿಂದ ಕೂರುವುದನ್ನು ಹಗಲಲ್ಲೇ ಆಡಿಸುತ್ತ ಕಲಿಸಬಹುದು.