ಚಿಕಿತ್ಸಕರನ್ನು ರೂಪಿಸುವ ಮೂರು ಸಾವಿರ ಗಂಟೆಗಳು

ದಾಂಪತ್ಯ ಹದಗೆಟ್ಟಾಗ, ಅಥವಾ ಮನೆಯ ಮಗು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲು ಒಲ್ಲೆನೆಂದಾಗ, ತಪ್ಪು ಯಾರದೆಂದು ಹುಡುಕುವುದು ಲೋಕರೂಢಿಯಾದರೆ, ಆ ತೊಂದರೆ ಯಾರ ಯಾರ ನಡುವೆ, ಯಾವ ಬಗೆಯಲ್ಲಿ ಮುಂದುವರಿಯುತ್ತಿದೆ ಎಂದು ಕೇಳುವುದು ಕುಟುಂಬ ಚಿಕಿತ್ಸೆಯ ಕ್ರಮ. ಈ ನೋಟವನ್ನು ರೂಢಿಸಿಕೊಳ್ಳಲು ವರ್ಷಗಳ ಅಭ್ಯಾಸ ಬೇಕೆಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ತರಬೇತಿ ವ್ಯವಸ್ಥೆ ಸ್ಪಷ್ಟವಾಗಿ ತೋರಿಸುತ್ತದೆ. ವಿವಾಹ ಮತ್ತು ಕುಟುಂಬ ಸಲಹೆಯ ವೃತ್ತಿಗೆ 1963ರಲ್ಲಿಯೇ ಪರವಾನಗಿಯನ್ನು ಜಾರಿಗೆ ತಂದ ರಾಜ್ಯವದು.

ಈ ಶಾಸ್ತ್ರದ ಬೇರುಗಳು 1950ರ ದಶಕದಲ್ಲಿವೆ. ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್‌ಸನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಪರಿಸರದಲ್ಲಿ ಕುಟುಂಬದೊಳಗಿನ ಸಂವಹನವನ್ನು ಅಧ್ಯಯನ ಮಾಡಿದರೆ, ಮನೋವೈದ್ಯ ಮರ್ರೆ ಬೋವೆನ್ ಸ್ಕಿಜೋಫ್ರೇನಿಯಾ ರೋಗಿಗಳ ಜೊತೆಗೆ ಅವರ ಮನೆಯವರನ್ನೂ ಆಸ್ಪತ್ರೆಯಲ್ಲಿರಿಸಿಕೊಂಡು ಗಮನಿಸಿದರು. ಒಬ್ಬರ ನಡೆ ಇನ್ನೊಬ್ಬರ ನಡೆಗೆ ಕಾರಣವೂ ಪರಿಣಾಮವೂ ಆಗುವ ವ್ಯವಸ್ಥೆಯಾಗಿ ಕುಟುಂಬವನ್ನು ಕಾಣುವ ಸಿದ್ಧಾಂತ ಇಂತಹ ಅಧ್ಯಯನಗಳಿಂದ ಬೆಳೆಯಿತು.

ಈ ವೃತ್ತಿಗೆ ಬೇಕಾದ ಸ್ನಾತಕೋತ್ತರ ಪದವಿಯ ತರಗತಿಗಳಲ್ಲಿ ಇಂತಹ ಸಿದ್ಧಾಂತಗಳ ಜೊತೆಗೆ ಮನೋರೋಗಗಳ ನಿದಾನ, ವ್ಯಸನ, ಮಕ್ಕಳ ಬೆಳವಣಿಗೆ, ಕಾನೂನು ಹಾಗೂ ವೃತ್ತಿನೀತಿಗಳನ್ನು ಕಲಿಸಲಾಗುತ್ತದೆ. ಮೂರು ತಲೆಮಾರಿನ ಹುಟ್ಟು, ಸಾವು, ಮದುವೆ, ಮುನಿಸುಗಳನ್ನು ಸಂಕೇತಗಳಲ್ಲಿ ಗುರುತಿಸುವ ‘ಜೀನೋಗ್ರಾಮ್’ ಎಂಬ ಕುಟುಂಬ ನಕ್ಷೆಯನ್ನು ವಿದ್ಯಾರ್ಥಿಗಳು ಬಹುತೇಕ ಕಡೆ ತಮ್ಮ ಮನೆತನದ್ದನ್ನೇ ಮೊದಲು ಬರೆಯುತ್ತಾರೆ. ಮುಂದೆ ಬರುವ ದಂಪತಿಯ ಜಗಳದಲ್ಲಿ ತಮ್ಮ ತಂದೆತಾಯಿಯರ ಜಗಳವನ್ನೇ ಕಂಡು ಒಂದು ಪಕ್ಷಕ್ಕೆ ವಾಲದಿರಲು ಈ ಆತ್ಮಪರೀಕ್ಷೆ ಅಗತ್ಯ.

ತರಬೇತಿಯ ತಿರುಳಿರುವುದು ಪದವಿಯ ಅವಧಿಯಲ್ಲೇ ನಡೆಯುವ, ‘ಪ್ರಾಕ್ಟಿಕಮ್’ ಎನ್ನಲಾಗುವ ಪ್ರಾಯೋಗಿಕ ಅಭ್ಯಾಸದಲ್ಲಿ. ಇಲ್ಲಿ ವಿದ್ಯಾರ್ಥಿ ನಿಜವಾದ ಕುಟುಂಬಗಳ ಎದುರು ಕೂರುತ್ತಾನೆ ಅಥವಾ ಕೂರುತ್ತಾಳೆ; ಅನುಭವಿ ಚಿಕಿತ್ಸಕರೊಬ್ಬರು ಆ ಭೇಟಿಯನ್ನು ಧ್ವನಿಮುದ್ರಣ, ವಿಡಿಯೊ ಅಥವಾ ಒಂದೇ ಬದಿಯಿಂದ ಕಾಣುವ ಗಾಜಿನ ಮೂಲಕ ಪರಿಶೀಲಿಸಿ ತಿದ್ದುತ್ತಾರೆ. ಗಂಡನ ದೂರಿಗೆ ಚಿಕಿತ್ಸಕ ತಲೆಯಾಡಿಸಿದ್ದನ್ನು ಹೆಂಡತಿ ಹೇಗೆ ಅರ್ಥೈಸಿಕೊಂಡಳು, ಮಾತು ಬಿಗಡಾಯಿಸಿದಾಗ ತಾಯಿಯ ಕಣ್ಣು ಯಾವ ಮಗುವಿನತ್ತ ಹೊರಳಿತು ಎಂಬಂತಹ ಸೂಕ್ಷ್ಮಗಳು ಅಲ್ಲಿ ಚರ್ಚೆಯಾಗುತ್ತವೆ. ಇಬ್ಬರ ನಡುವಿನ ಬಿಗುವು ತಾಳಲಾರದಾದಾಗ ಮೂರನೆಯವರನ್ನು ಅದರೊಳಗೆ ಎಳೆದುಕೊಳ್ಳುವುದನ್ನು ಬೋವೆನ್ ‘ತ್ರಿಕೋನ’ವೆಂದು ಕರೆದರು; ಆ ಮೂರನೆಯವರಾಗಿ ತಾವೇ ಸಿಲುಕಿದ್ದನ್ನು ಹೊಸ ಚಿಕಿತ್ಸಕರಿಗೆ ತೋರಿಸಿಕೊಡಲು ಹೊರಗಿನ ಕಣ್ಣೊಂದು ಬೇಕಾಗುತ್ತದೆ.

ಪದವಿ ಸಿಕ್ಕ ಮಾತ್ರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ದೊರೆಯುವುದಿಲ್ಲ. ಪದವಿಗೆ ಮೊದಲು ಗಳಿಸಿದ ಒಂದು ಭಾಗವನ್ನೂ ಸೇರಿಸಿ ಒಟ್ಟು 3,000 ಗಂಟೆಗಳ ಮೇಲ್ವಿಚಾರಿತ ಅನುಭವವನ್ನು ಕನಿಷ್ಠ 104 ವಾರಗಳಲ್ಲಿ ಪಡೆಯಬೇಕು. ಅದರಲ್ಲಿ 500 ಗಂಟೆಗಳಾದರೂ ದಂಪತಿಗಳು, ಕುಟುಂಬಗಳು ಮತ್ತು ಮಕ್ಕಳೊಂದಿಗೆ ಕಳೆದಿರಬೇಕು. ಕಾನೂನು ಮತ್ತು ವೃತ್ತಿನೀತಿಯದೊಂದು, ಚಿಕಿತ್ಸಾ ಕೌಶಲದ್ದೊಂದು ಹೀಗೆ ಎರಡು ಪರೀಕ್ಷೆಗಳನ್ನೂ ದಾಟಬೇಕು. ಗುಟ್ಟು ಕಾಯುವುದು ಈ ವೃತ್ತಿಯ ಧರ್ಮವಾದರೂ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂಬ ಸಕಾರಣ ಶಂಕೆ ಬಂದರೆ ವರದಿ ಮಾಡುವುದು ಕಾನೂನಿನ ಕಟ್ಟಳೆಯಾದ್ದರಿಂದ, ಎಲ್ಲಿ ಮೌನ, ಎಲ್ಲಿ ಮಾತು ಎಂಬ ವಿವೇಕವೂ ಈ ಕಲಿಕೆಯ ಭಾಗವೇ.

ಭಾರತಕ್ಕೆ ಈ ಚಿಂತನೆ ಹೊಸದಲ್ಲ. 1950ರ ದಶಕದಲ್ಲಿಯೇ ಡಾ. ವಿದ್ಯಾಸಾಗರ್ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಚಿಕಿತ್ಸೆಯಲ್ಲಿ ತೊಡಗಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಕುಟುಂಬಗಳಿಗಾಗಿಯೇ ಪ್ರತ್ಯೇಕ ಮನೋವೈದ್ಯಕೀಯ ಕೇಂದ್ರವನ್ನು ನಡೆಸುತ್ತ ಬಂದಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಆಪ್ತಸಲಹೆಗಾರರಿಗೆ ಅವಕಾಶ ಕಲ್ಪಿಸಿದೆ. ಗಂಡಹೆಂಡಿರ ವ್ಯಾಜ್ಯವನ್ನು ಹಿರಿಯರು ಕೂಡಿ ತೀರ್ಮಾನಿಸುವ ಪದ್ಧತಿ ನಮ್ಮಲ್ಲಿ ಉಳಿದಿದೆಯಾದರೂ, ಮನೆತನದ ಮಾನ ಮತ್ತು ಆಸ್ತಿಯ ಹಂಗಿರುವ ಬಂಧುವಿಗೆ ಇಬ್ಬರ ಮಾತನ್ನೂ ಸಮನಾಗಿ ಕೇಳುವುದು ಕಷ್ಟ. ಆ ಹಂಗಿಲ್ಲದವರಿಗೂ ಸಮಚಿತ್ತವು ಸದುದ್ದೇಶವೊಂದರಿಂದಲೇ ಬರುವುದಿಲ್ಲ. ಆದ್ದರಿಂದ ಒಡೆಯುತ್ತಿರುವ ಮನೆಯೊಂದು ತನ್ನ ಒಳಗನ್ನು ಅಪರಿಚಿತರ ಮುಂದೆ ತೆರೆದಿಡುವುದಾದರೆ, ಆ ಅಪರಿಚಿತರು ತಮ್ಮ ಕೆಲಸವನ್ನು ಬಲ್ಲವರ ಪರಿಶೀಲನೆಗೆ ವರ್ಷಗಟ್ಟಲೆ ಒಡ್ಡಿಕೊಂಡವರಾಗಿರಬೇಕೆಂದು ಸಮಾಜ ಕೇಳುವುದು ನ್ಯಾಯವೇ ಆಗಿದೆ.